ತೋಟಕ್ಕೆ ಪಿಕಪ್ ತಗೊಳ್ಳಬೇಕು: ಪಾರ್ಟ್ ಟೈಮ್ ಫೋರ್ ವೀಲ್ ಸಾಕಾ, ಫುಲ್ ಟೈಮೇ ಬೇಕಾ?

ವಾಕಡ್_ಧಾರವಾಡ:

ಎಲ್ಲರಿಗೂ ನಮಸ್ಕಾರ. ಪುಣೆಯ ವಾಕಡ್‌ನಲ್ಲಿ ಇದ್ದೇನೆ, ಊರು ಧಾರವಾಡ. ಮುಳಶಿ ಕಡೆ, ಪೌಡ್ ದಾಟಿ ಒಳಗೆ, ನಮ್ಮದೊಂದು ಸಣ್ಣ ತೋಟ ಇದೆ. ವಾರದ ಕೊನೆಗೆ ಗೊಬ್ಬರ, ಪೈಪು, ಸಸಿ ಹೇರಿಕೊಂಡು ಹೋಗುತ್ತೇನೆ. ಡಾಂಬರು ಮುಗಿದ ಮೇಲೆ ಎರಡು ಮೂರು ಕಿಲೋಮೀಟರ್ ಮಣ್ಣಿನ ದಾರಿ, ನಡುವೆ ಒಂದು ಏರು. ಬೇಸಿಗೆಯಲ್ಲಿ ತೊಂದರೆ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಮಾತ್ರ ಕಾರನ್ನು ಕೆಳಗೇ ನಿಲ್ಲಿಸಿ ಚೀಲ ಹೊತ್ತು ನಡೆಯಬೇಕು.

ಅದಕ್ಕೇ ಪಿಕಪ್ ನೋಡ್ತಾ ಇದ್ದೇನೆ. ಮನಸ್ಸಿನಲ್ಲಿರೋದು ಟೊಯೋಟಾ ಹೈಲಕ್ಸ್, ಇಲ್ಲವಾದರೆ ಇಸುಜು ವಿ-ಕ್ರಾಸ್. ಆದರೆ ಗೆಳೆಯನೊಬ್ಬ ಹೇಳ್ತಾನೆ, ಎರಡೂ ಪಾರ್ಟ್ ಟೈಮ್ (ಬೇಕೆಂದಾಗ ಮಾತ್ರ ನಾಲ್ಕೂ ಗಾಲಿಗೆ ಶಕ್ತಿ), ತಾಮ್ಹಿಣಿ ಘಾಟ್‌ನ ಮಳೆಯಲ್ಲಿ ಡಾಂಬರಿನ ಮೇಲೆ ಅದರ ಫೋರ್ ವೀಲ್ ಹಾಕೋ ಹಾಗೇ ಇಲ್ಲ, ಅದರ ಬದಲು ಫುಲ್ ಟೈಮ್ (ಯಾವಾಗಲೂ ನಾಲ್ಕಕ್ಕೂ ಶಕ್ತಿ) ಇರೋ ಹಳೇ ಟೊಯೋಟಾ ಫಾರ್ಚುನರ್ ಹುಡುಕು ಅಂತ. ಶೋರೂಮ್‌ನಲ್ಲಿ ಕೇಳಿದರೆ "ಸರ್, ಇದು ಫೋರ್ ಬೈ ಫೋರ್, ಎಲ್ಲಿ ಬೇಕಾದರೂ ಹೋಗುತ್ತೆ" ಅಂತಾರೆ, ಅಷ್ಟೇ. ನಿಜವಾದ ವ್ಯತ್ಯಾಸ ಏನು? ನನ್ನ ಕೆಲಸಕ್ಕೆ ಯಾವುದು ಸರಿ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕುರ್ಲಾ_ಗ್ಯಾರೇಜ್:

ಸರ್, ನಾನು ಕುಂದಾಪುರದವ, ಕುರ್ಲಾದಲ್ಲಿ ಗ್ಯಾರೇಜ್ ಇದೆ, ಫೋರ್ ಬೈ ಫೋರ್ ಗಾಡಿಗಳೇ ಜಾಸ್ತಿ ಬರೋದು. ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಅರ್ಧ ಸರಿ ಇದೆ.

ಗಾಡಿ ತಿರುಗುವಾಗ ಹೊರಗಿನ ಗಾಲಿ ಜಾಸ್ತಿ ದೂರ ಓಡುತ್ತೆ, ಒಳಗಿನದು ಕಮ್ಮಿ. ಅದಕ್ಕೇ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇರೋದು, ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರ್ ಅದು. ಇದು ಎಲ್ಲರಿಗೂ ಗೊತ್ತು. ಜನ ಗಮನಿಸದೆ ಇರೋದು ಇನ್ನೊಂದಿದೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಅಂದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್ಲಿಗೆ ಶಕ್ತಿ ಒಯ್ಯೋ ದಂಡ) ಹಿಂದಿನದಕ್ಕಿಂತ ಸ್ವಲ್ಪ ಬೇಗ ತಿರುಗಬೇಕು. ಪಾರ್ಟ್ ಟೈಮ್‌ನಲ್ಲಿ ಫೋರ್ ಹೈ (ನಾಲ್ಕೂ ಗಾಲಿ, ಮಾಮೂಲಿ ಗೇರ್) ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದೆ ಹಿಂದೆ ಹಂಚೋ ಗೇರ್ ಪೆಟ್ಟಿಗೆ) ಈ ಎರಡೂ ಶಾಫ್ಟ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತೆ, ಎರಡೂ ಒಂದೇ ವೇಗ. ಕೆಸರಿನಲ್ಲಿ ಟೈರ್ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತೆ. ಒಣ ಡಾಂಬರಿನಲ್ಲಿ ಟೈರ್ ಜಾರಲ್ಲ, ಹಾಗಾಗಿ ಆ ಒತ್ತಡವೆಲ್ಲ ಶಾಫ್ಟ್, ಜಾಯಿಂಟ್, ಗೇರ್‌ಗಳ ಮೇಲೆ ಕೂರುತ್ತೆ.

ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಯಾರಾದರೂ ಫೋರ್ ಹೈ ಹಾಕಿದ್ದು ಗೊತ್ತಾಗದೆ ಸ್ಟೇರಿಂಗ್ ಪೂರ್ತಿ ತಿರುಗಿಸಿದ್ದನ್ನು ನೋಡಿದ್ದೀರಾ? ಬ್ರೇಕ್ ಮೇಲೆ ಕಾಲಿಟ್ಟ ಹಾಗೆ ಗಾಡಿ ತಡೀತದೆ. ಸಿಮೆಂಟ್ ನೆಲದ ಮೇಲೆ ಟೈರ್ ಕಿರ್ರ್ ಅನ್ನುತ್ತೆ, ಆಮೇಲೆ ಒಂದು ಗಾಲಿ ಟಕ್ ಅಂತ ಜಾರಿ ಗಾಡಿ ಮುಂದಕ್ಕೆ ಹಾರುತ್ತೆ. ಟೂ ಹೈಗೆ (ಹಿಂದಿನ ಎರಡೇ ಗಾಲಿಗೆ ಶಕ್ತಿ) ತಂದರೂ ಮೀಟರಿನಲ್ಲಿ ದೀಪ ಮಿನುಗುತ್ತಲೇ ಇರುತ್ತೆ, ಬಿಡಲ್ಲ. ಸ್ವಲ್ಪ ರಿವರ್ಸ್ ತೆಗೆದರೆ ಬಿಗಿ ಸಡಿಲಾಗಿ ಬಿಟ್ಟುಕೊಳ್ಳುತ್ತೆ. ಇದನ್ನೇ ಎಕ್ಸ್‌ಪ್ರೆಸ್‌ವೇ ಮೇಲೆ, ಊರೊಳಗೆ, ತಿಂಗಳುಗಟ್ಟಲೆ ಮಾಡಿದ ಗಾಡಿಗಳೂ ಬರುತ್ತವೆ ಮಾರಾಯ್ರೆ. ಬಿಚ್ಚಿ ನೋಡಿದರೆ ಟ್ರಾನ್ಸ್‌ಫರ್ ಕೇಸ್ ಒಳಗಿನ ಚೈನ್ ಜೋತು ಬಿದ್ದಿರುತ್ತೆ, ಮುಂದಿನ ಟೈರಿನ ಅಂಚು ತಿಂದು ಹೋಗಿರುತ್ತೆ.

ಫುಲ್ ಟೈಮ್‌ನಲ್ಲಿ ಆ ಎರಡು ಶಾಫ್ಟ್ ನಡುವೆ ಮೂರನೆಯ ಡಿಫರೆನ್ಷಿಯಲ್ ಇರುತ್ತೆ. ಹಾಗಾಗಿ ಒಣ ರಸ್ತೆ, ಒದ್ದೆ ರಸ್ತೆ, ಎಲ್ಲಿ ಬೇಕಾದರೂ ನಾಲ್ಕೂ ಗಾಲಿಗೆ ಶಕ್ತಿ ಹೋಗ್ತಾನೇ ಇರುತ್ತೆ. ಆದರೆ ಸಾದಾ ಡಿಫರೆನ್ಷಿಯಲ್ ಆದರೆ ಒಂದು ಗಾಲಿ ಕೆಸರಿನಲ್ಲಿ ಸುಮ್ನೆ ತಿರುಗೋಕೆ ಶುರು ಮಾಡಿದರೆ ಸಾಕು, ಮಿಕ್ಕ ಮೂರಕ್ಕೂ ಏನೂ ಸಿಗಲ್ಲ. ಅದಕ್ಕೇ ಆ ಮೂರನೆಯದನ್ನು ಬಿಗಿಯೋ ಸೆಂಟರ್ ಲಾಕ್ ಕೊಟ್ಟಿರುತ್ತಾರೆ, ಇಲ್ಲವಾದರೆ ಜಾರೋ ಕಡೆಗೇ ಶಕ್ತಿಯೆಲ್ಲ ಹೋಗದ ಹಾಗೆ ತಾನೇ ತಡೆಯೋ ಟಾರ್ಸೆನ್ ಥರದ್ದು ಹಾಕಿರುತ್ತಾರೆ. ಲಾಕ್ ಹಾಕಿದ ಮೇಲೆ ಅದು ಪಾರ್ಟ್ ಟೈಮ್‌ನ ಫೋರ್ ಹೈ ಹಾಗೇ ಕೆಲಸ ಮಾಡೋದು. ಆದ್ದರಿಂದ ನಿಮ್ಮ ಮಣ್ಣಿನ ದಾರಿಯಲ್ಲಿ ಎರಡಕ್ಕೂ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರೋದೆಲ್ಲ ಡಾಂಬರಿನ ಮೇಲೆ.

ಹಳೇ ಫಾರ್ಚುನರ್ ವಿಷಯ ನಿಜ. 2009ರಲ್ಲಿ ಇಲ್ಲಿಗೆ ಬಂದ ಫೋರ್ ಬೈ ಫೋರ್ ಫುಲ್ ಟೈಮ್, ಒಳಗೆ ಟಾರ್ಸೆನ್. 2016ರಲ್ಲಿ ಹೊಸ ಮಾಡೆಲ್ ಬಂದಾಗ ಅದೇ ಕಂಪನಿ ಪಾರ್ಟ್ ಟೈಮ್‌ಗೆ ಬಂತು. ಟೂ ಹೈನಲ್ಲಿ ಮುಂದಿನ ಡಿಫರೆನ್ಷಿಯಲ್ ತಾನೇ ಬಿಟ್ಟುಕೊಳ್ಳುತ್ತೆ, ಎಂಜಿನ್ ಅದನ್ನು ಸುಮ್ನೆ ತಿರುಗಿಸೋ ಕೆಲಸ ಇಲ್ಲ, ಡೀಸೆಲ್ ಉಳಿಯುತ್ತೆ. ಹೈಲಕ್ಸ್‌ನಲ್ಲೂ ಅದೇ ಏರ್ಪಾಡು.

ವಾಳಪೈ_ಗೇರುತೋಟ:

ಅಣ್ಣಾರೆ, ನಾನು ಖಾನಾಪುರದವ, ಈಗ ಗೋವಾದ ವಾಳಪೈ ಹತ್ತಿರ ಗೇರು ತೋಟ ನೋಡ್ಕೊಂಡು ಇದ್ದೀನಿ. ನಮ್ಮದು ಪಾರ್ಟ್ ಟೈಮ್ ಪಿಕಪ್ಪೇ. ಮೇಲಿನ ಕುಂದಾಪುರದವರು ಹೇಳಿದ್ದು ಸರಿ, ಆದರೆ ತೋಟದ ಕೆಲಸಕ್ಕೆ ಪಾರ್ಟ್ ಟೈಮಾ ಫುಲ್ ಟೈಮಾ ಅನ್ನೋದಕ್ಕಿಂತ ಮೊದಲು ನೋಡಬೇಕಾದ್ದು ಫೋರ್ ಲೋ (ನಾಲ್ಕೂ ಗಾಲಿ, ವೇಗ ಕಮ್ಮಿ ಬಲ ಜಾಸ್ತಿ ಇರೋ ಗೇರ್) ಇದೆಯಾ ಇಲ್ವಾ ಅನ್ನೋದು.

ನಮ್ಮ ಕಡೆ ಕೆಂಪು ಮಣ್ಣು, ಕೆಳಗೆ ಜಂಬಿಟ್ಟಿಗೆ ಕಲ್ಲು. ಮಳೆ ಹಿಡಿದು ನಾಲ್ಕು ದಿನ ಆದರೆ ಕಲ್ಲಿನ ಮೇಲೆ ಪಾಚಿ ಕಟ್ಟುತ್ತೆ, ಅದರ ಮೇಲೆ ಕಾಲಿಟ್ಟರೆ ಮನುಷ್ಯನೇ ನಿಲ್ಲಲ್ಲ. ಅಲ್ಲಿ ವೇಗವಾಗಿ ಹೋದರೆ ಗಾಡಿ ಅಡ್ಡ ತಿರುಗುತ್ತೆ. ಫೋರ್ ಲೋ ಹಾಕಿ, ಫಸ್ಟ್ ಅಥವಾ ಸೆಕೆಂಡ್‌ನಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ ಏರಬೇಕು. ಹೈಲಕ್ಸ್‌ನಲ್ಲಿ ಲೋ ಹಾಕಿದರೆ ಗೇರ್ 2.566 ಪಟ್ಟು ಇಳಿಯುತ್ತೆ, ಅಂದರೆ ಅದೇ ಎಂಜಿನ್ನಿಂದ ಗಾಲಿಗೆ ಅಷ್ಟು ಪಟ್ಟು ಜಾಸ್ತಿ ಜಗ್ಗುವ ಬಲ. ಏರೋದಕ್ಕಿಂತ ಇಳಿಯೋವಾಗ ಅದರ ಬೆಲೆ ಗೊತ್ತಾಗೋದು. ಗೇರು ಬೀಜದ ಚೀಲ ತುಂಬಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಮುಟ್ಟಿದರೆ ಗಾಲಿ ಲಾಕ್ ಆಗಿ ಜಾರುತ್ತೆ, ಲೋ ಇದ್ದರೆ ಎಂಜಿನ್ನೇ ಹಿಡಿದುಕೊಂಡು ಇಳಿಸುತ್ತೆ.

ಹೊರದೇಶದಲ್ಲಿ ಫೋಕ್ಸ್‌ವ್ಯಾಗನ್ ಅಮರೋಕ್ ಅನ್ನೋ ಪಿಕಪ್ ಇತ್ತು, ಅದರ ಎಂಟು ಗೇರಿನ ಆಟೋಮ್ಯಾಟಿಕ್ ಫುಲ್ ಟೈಮ್, ಆದರೆ ಲೋ ಇರಲಿಲ್ಲ. ರಸ್ತೆಗೆ ಒಳ್ಳೇದೇ. ನನಗೆ ಇಲ್ಲಿ ಕೊಟ್ಟರೂ ಬೇಡ.

ಇನ್ನೊಂದು ವಿಷಯ, ಫೋರ್ ವೀಲ್ ಅಂದರೂ ನಾಲ್ಕೂ ಗಾಲಿಯನ್ನು ಒಂದಕ್ಕೊಂದು ಕಟ್ಟಿದ ಹಾಗೆ ಆಯಿತು ಅಂತ ಅಲ್ಲ. ಹಳ್ಳದಲ್ಲಿ ಗಾಡಿ ಓರೆಯಾಗಿ ಮುಂದಿನ ಒಂದು ಗಾಲಿ, ಹಿಂದಿನ ಒಂದು ಗಾಲಿ ನೆಲ ಬಿಟ್ಟರೆ ಆ ಎರಡೇ ತಿರುಗುತ್ತವೆ, ಗಾಡಿ ಅಲ್ಲೇ. ಇದಕ್ಕೆ ಹಿಂದಿನ ಡಿಫರೆನ್ಷಿಯಲ್ ಲಾಕ್ ಬೇಕು, ಹಾಕಿದರೆ ಹಿಂದಿನ ಎರಡೂ ಗಾಲಿ ಒಟ್ಟಿಗೇ ತಿರುಗುತ್ತವೆ. ಹೈಲಕ್ಸ್‌ನಲ್ಲಿ ಇದೆ. ನಿಮ್ಮ ಆಕುರ್ಡಿಯ ಫೋರ್ಸ್ ಮೋಟರ್ಸ್‌ನವರ ಗುರ್ಖಾ ನೋಡಿ, ಅದೂ ಪಾರ್ಟ್ ಟೈಮೇ, ಆದರೆ ಮುಂದೆ ಹಿಂದೆ ಎರಡೂ ಕಡೆ ಲಾಕ್. ಅದು ಹತ್ತುವ ಜಾಗಕ್ಕೆ ಎಷ್ಟೋ ದೊಡ್ಡ ಫುಲ್ ಟೈಮ್ ಗಾಡಿಗಳು ಬರಲ್ಲ.

ಟೈರ್ ಬಗ್ಗೆಯೂ ಹೇಳಬೇಕು. ಕಂಪನಿಯಿಂದ ಬರೋ ಟೈರಿನ ಗೆರೆಗಳಲ್ಲಿ ಮುಳಶಿಯ ಜಿಗುಟು ಮಣ್ಣು ತುಂಬಿಕೊಂಡರೆ ಮೂರು ಸುತ್ತಿನಲ್ಲಿ ನುಣ್ಣಗಾಗುತ್ತೆ, ಆಮೇಲೆ ಯಾವ ಸಿಸ್ಟಮ್ ಇದ್ದರೂ ಅಷ್ಟೇ. ಆಲ್ ಟೆರೇನ್ ಟೈರ್‌ಗೆ ದುಡ್ಡು ತೆಗೆದಿಡಿ.

ಕೊಥ್ರೂಡ್_ಶಿರಸಿ:

ಇಬ್ಬರೂ ಹೇಳಿದ್ದು ಮಣ್ಣಿನ ದಾರಿಗೆ ಸರಿ. ಆದರೆ ಅವರು ಪೌಡ್‌ನಿಂದ ಆಚೆ ಎರಡು ಮೂರು ಕಿಲೋಮೀಟರ್ ಮಾತ್ರ ಮಣ್ಣಿನಲ್ಲಿ ಓಡಿಸೋದು, ಮಿಕ್ಕಿದ್ದೆಲ್ಲ ಡಾಂಬರು ತಾನೇ? ವ್ಯತ್ಯಾಸ ಇರೋದೇ ಡಾಂಬರಿನ ಮೇಲೆ ಅಂತ ನೀವೇ ಹೇಳಿದಿರಿ. ಹಾಗಾದರೆ ಅದನ್ನು ಇಷ್ಟು ಹಗುರವಾಗಿ ಬಿಡೋದು ಸರಿಯಲ್ಲ.

ನಮ್ಮ ಮನೆಯಲ್ಲಿ ಇರೋದು ಆ ಹಳೇ ಫುಲ್ ಟೈಮ್ ಫಾರ್ಚುನರ್. ಓಡಿಸೋದು ಜಾಸ್ತಿ ನಾನೇ. ಮಳೆಗಾಲದಲ್ಲಿ ಶಿರಸಿಗೆ ಹೋಗುವಾಗ ಅಂಬೋಲಿ ಘಾಟ್ ಇಳಿದು ಗೋವಾ ಮೇಲೆ ಹೋಗ್ತೀವಿ. ಘಾಟ್‌ನಲ್ಲಿ ರಸ್ತೆ ಒಂದೇ ಥರ ಇರಲ್ಲ. ಒಂದು ತಿರುವಿನಲ್ಲಿ ಮರದ ಕೆಳಗೆ ಒಣಗಿರುತ್ತೆ, ಮುಂದಿನ ತಿರುವಿನಲ್ಲಿ ಗುಡ್ಡದಿಂದ ನೀರು ಮಣ್ಣು ಸಮೇತ ರಸ್ತೆಗೆ ಬಂದಿರುತ್ತೆ, ಎದುರಿಗೆ ಎಸ್‌ಟಿ ಬಸ್ ಬರ್ತಾ ಇರುತ್ತೆ, ಮಂಜು ಬೇರೆ. ಅಲ್ಲಿ ಈಗ ಫೋರ್ ಹೈ ಹಾಕಲಾ, ಈಗ ತೆಗೀಲಾ ಅಂತ ನಾಬ್ ಮೇಲೆ ಕೈ ಇಟ್ಟುಕೊಂಡು ಯಾರು ಓಡಿಸ್ತಾರೆ? ಫುಲ್ ಟೈಮ್‌ನಲ್ಲಿ ಆ ಯೋಚನೆಯೇ ಇಲ್ಲ.

ಪಿಕಪ್‌ಗೆ ಇದು ಇನ್ನೂ ಮುಖ್ಯ. ಹಿಂದೆ ಲೋಡ್ ಇಲ್ಲದಿದ್ದರೆ ಹಿಂದಿನ ಗಾಲಿ ಮೇಲೆ ಭಾರವೇ ಇರಲ್ಲ, ಲೀಫ್ ಸ್ಪ್ರಿಂಗ್ ಬೇರೆ, ಗುಂಡಿಗೆ ಬಿದ್ದರೆ ಹಿಂಭಾಗ ಎಗರುತ್ತೆ. ಹೈಲಕ್ಸ್ ಆಟೋಮ್ಯಾಟಿಕ್‌ನ 500 ಎನ್‌ಎಂ ಟಾರ್ಕ್ (ತಿರುಗಿಸೋ ಬಲ) ಪೂರ್ತಿ ಆ ಎರಡು ಗಾಲಿಗೆ ಹೋದರೆ ಒದ್ದೆ ಹೇರ್‌ಪಿನ್‌ನಲ್ಲಿ ಏನಾಗಬಹುದು ಯೋಚಿಸಿ.

ಆದರೂ ಈಗ ಹಳೇದು ಕೊಳ್ಳಿ ಅಂತ ನಾನು ಹೇಳಲ್ಲ. ಆ ಗಾಡಿಗಳಲ್ಲಿ ಮೊದಲು ಬಂದವಕ್ಕೆ ಹದಿನೈದು ವರ್ಷ ತುಂಬಿಯೇ ಆಯ್ತು, ಮಿಕ್ಕವಕ್ಕೂ ತುಂಬ್ತಾ ಬಂತು, ಆಮೇಲೆ ಫಿಟ್‌ನೆಸ್ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಬೇಕು. ಗೊಬ್ಬರದ ಚೀಲವನ್ನು ಅದರ ಡಿಕ್ಕಿಯಲ್ಲಿ ಹಾಕಿದರೆ ವಾಸನೆ ಹೋಗೋದೇ ಇಲ್ಲ.

ವಾಕಡ್_ಧಾರವಾಡ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಅಕ್ಕ, ನೀವು ಹೇಳಿದ ಖಾಲಿ ಲೋಡ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಪಾರ್ಟ್ ಟೈಮ್ ತಗೊಂಡರೆ ಜೋರು ಮಳೆಯಲ್ಲಿ ತಾಮ್ಹಿಣಿಯಲ್ಲಿ ಫೋರ್ ಹೈ ಹಾಕಬಹುದಾ, ಹಾಕಬಾರದಾ? ಇದೊಂದು ಸ್ಪಷ್ಟ ಆಗಲಿ. ವರ್ಷದಲ್ಲಿ ಎಂಟು ತಿಂಗಳು ಫೋರ್ ವೀಲ್ ಮುಟ್ಟದೆ ಇದ್ದರೆ ಏನಾದರೂ ಹಾಳಾಗುತ್ತಾ?

ಕುರ್ಲಾ_ಗ್ಯಾರೇಜ್:

ಕೊಥ್ರೂಡ್ ಅಕ್ಕ ಹೇಳಿದ್ದು ಒಪ್ಪುತ್ತೇನೆ, ಘಾಟ್‌ನಲ್ಲಿ ಫುಲ್ ಟೈಮ್ ಇದ್ದರೆ ಮನಸ್ಸಿಗೆ ನೆಮ್ಮದಿ. ಆದರೆ ಒಂದು ಮಾತು ಸೇರಿಸಬೇಕು. ನಾಲ್ಕು ಗಾಲಿಗೆ ಶಕ್ತಿ ಹೋಗೋದು ಗಾಡಿ ಎಳೆಯೋಕೆ. ಬ್ರೇಕ್ ಹಾಕಿದಾಗ ನಿಲ್ಲೋಕೆ ಅದರಿಂದ ಏನೂ ಸಹಾಯ ಇಲ್ಲ, ಅಲ್ಲಿ ಟೈರ್ ಮತ್ತು ವೇಗ ಮಾತ್ರ. ಫೋರ್ ಬೈ ಫೋರ್ ಇದೆ ಅಂತ ಇಳಿಜಾರಿನಲ್ಲಿ ಬಿಟ್ಟುಕೊಂಡು ಬರೋರನ್ನು ನೋಡಿದರೆ ನನಗೆ ಭಯ.

ತಾಮ್ಹಿಣಿ ವಿಷಯ. ರಸ್ತೆ ಮೇಲೆ ಮಣ್ಣು, ಎಲೆ, ಹರಿಯೋ ನೀರು ಇದ್ದರೆ ಫೋರ್ ಹೈ ಹಾಕಿ, ತೊಂದರೆ ಇಲ್ಲ. ಗಾಡಿ ಓಡ್ತಾ ಇರುವಾಗಲೇ, ನೇರ ರಸ್ತೆಯಲ್ಲಿ, ಗಾಲಿ ಜಾರದೆ ಇರುವಾಗ ಹಾಕಬೇಕು. ಹಿಂದಿನ ಗಾಲಿ ಸುಮ್ನೆ ತಿರುಗ್ತಾ ಇರುವಾಗ ಹಾಕಿದರೆ ಗೇರಿಗೆ ಪೆಟ್ಟು. ಬರೀ ಒದ್ದೆ ಡಾಂಬರು, ಒಳ್ಳೇ ಹಿಡಿತ ಇದೆ ಅಂದರೆ ಬೇಡ. ಹೇರ್‌ಪಿನ್‌ನಲ್ಲಿ ಮುಂಭಾಗ ತಿರುಗದೆ ನೇರ ಹೋಗೋಕೆ ನೋಡುತ್ತೆ. ಟೂ ಹೈನಲ್ಲೇ ಮೆಲ್ಲಗೆ ಬನ್ನಿ, ಹೈಲಕ್ಸ್‌ನಲ್ಲಿ ಗಾಡಿ, ಗಾಲಿ ಜಾರದ ಹಾಗೆ ನೋಡಿಕೊಳ್ಳೋ ಸ್ಟೆಬಿಲಿಟಿ ಕಂಟ್ರೋಲ್, ಟ್ರ್ಯಾಕ್ಷನ್ ಕಂಟ್ರೋಲ್ ಎರಡೂ ಇವೆ, ಅವನ್ನು ಆಫ್ ಮಾಡಬೇಡಿ. ಮಳೆಗಾಲದಲ್ಲಿ ಹಿಂದೆ ಎರಡು ಮೂರು ಮರಳಿನ ಚೀಲ, ಆಕ್ಸಲ್ ಮೇಲೆ ಬರೋ ಹಾಗೆ, ಹಗ್ಗ ಬಿಗಿದು ಇಟ್ಟುಕೊಳ್ಳಿ.

ಫೋರ್ ಲೋ ಮಾತ್ರ ಗಾಡಿ ಪೂರ್ತಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಹಾಕಬೇಕು.

ಬಳಸದೆ ಇಟ್ಟರೆ ಹಾಳಾಗುತ್ತಾ ಅಂದಿರಿ. ಹೌದು, ಆಗುತ್ತೆ. ಮುಂದಿನ ಭಾಗದ ಗೇರುಗಳಿಗೆ ಎಣ್ಣೆ ಹರಿಯಲ್ಲ, ಸೀಲ್ ಒಣಗುತ್ತೆ. ತಿಂಗಳಿಗೆ ಕನಿಷ್ಠ 16 ಕಿಲೋಮೀಟರ್ ಫೋರ್ ವೀಲ್‌ನಲ್ಲಿ ಓಡಿಸಿ ಅಂತ ಟೊಯೋಟಾ ಮ್ಯಾನುವಲ್‌ನಲ್ಲೇ ಇದೆ. ನಿಮಗೆ ಮಣ್ಣಿನ ದಾರಿ ಇದೆಯಲ್ಲ, ಬೇಸಿಗೆಯಲ್ಲೂ ಹೋಗುವಾಗ ಬರುವಾಗ ಅಲ್ಲಿ ಹಾಕಿಕೊಳ್ಳಿ, ಲೆಕ್ಕ ತಾನೇ ತುಂಬುತ್ತೆ. ಟೈರ್ ಬದಲಾಯಿಸಿದರೆ ನಾಲ್ಕೂ ಒಟ್ಟಿಗೆ ಬದಲಾಯಿಸಿ. ಎರಡು ಹೊಸದು ಎರಡು ಸವೆದದ್ದು ಅಂದರೆ ಸುತ್ತಳತೆ ಬೇರೆಯಾಗಿ, ಫೋರ್ ಹೈನಲ್ಲಿ ನೇರ ರಸ್ತೆಯಲ್ಲೂ ಶಾಫ್ಟ್‌ಗಳು ಒಂದನ್ನೊಂದು ಎಳೆದಾಡುತ್ತವೆ.

ವಾಳಪೈ_ಗೇರುತೋಟ:

ಇನ್ನೊಂದು, ಅಣ್ಣಾರೆ. ಟೆಸ್ಟ್ ಡ್ರೈವ್‌ಗೆ ಬಾಣೇರ್ ರೋಡ್‌ನಲ್ಲಿ ಒಂದು ಸುತ್ತು ಹಾಕಿಸಿದರೆ ಏನೂ ಗೊತ್ತಾಗಲ್ಲ. ನಿಮ್ಮ ತೋಟದ ದಾರಿಗೇ ತರಿಸಿ, ಆ ಏರಿನ ಬುಡದಲ್ಲಿ ಫೋರ್ ಲೋ ಹಾಕಿಸಿ, ನೀವೇ ಓಡಿಸಿ ನೋಡಿ. ವಿ-ಕ್ರಾಸ್ ಮತ್ತು ಹೈಲಕ್ಸ್ ಎರಡನ್ನೂ ಅದೇ ಏರಿನಲ್ಲಿ. ಮತ್ತೆ, ಗಾಡಿ ಬಂದ ಖುಷಿಗೆ ಗೋವಾಕ್ಕೆ ಬಂದರೆ ಬೀಚ್ ಮೇಲೆ ಮಾತ್ರ ಇಳಿಸಬೇಡಿ, ಇಲ್ಲಿ ಅದು ಕಾನೂನಿಗೆ ವಿರುದ್ಧ, ಪೊಲೀಸರು ಕೇಸ್ ಹಾಕ್ತಾರೆ. ನಮ್ಮ ತೋಟಕ್ಕೆ ಬನ್ನಿ, ಬೇಕಾದಷ್ಟು ಕೆಸರು ಇದೆ.