ಕೆರೆಯಲ್ಲಿ ಕಲಿತವರು ಸಮುದ್ರದ ರೇಸಿಗೆ ಹೋಗುವಾಗ

ಪ್ರಶ್ನೆ (ತುಮಕೂರು, ಶಿರಾ ಗೇಟ್): ಸರ್, ಮಗಳಿಗೆ 15 ವರ್ಷ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಐಎಲ್‌ಸಿಎ 4 (ಒಬ್ಬರೇ ನಡೆಸುವ ಚಿಕ್ಕ) ಹಾಯಿದೋಣಿ ನಡೆಸೋದು ಕಲಿತಿದ್ದಾಳೆ. ಈಗ ಮೊದಲ ಸಲ ಮುಂಬೈನಲ್ಲಿ ರೆಗಾಟಾ (ಹಾಯಿದೋಣಿ ಪಂದ್ಯ). ಕೆರೆಗೂ ಸಮುದ್ರಕ್ಕೂ ಏನು ವ್ಯತ್ಯಾಸ?

ಉತ್ತರ (ತರಬೇತುದಾರರು): ಗಾಳಿಗಿಂತ ಮೊದಲು ನೀರಿನ ಹರಿವು ಕಲಿಸಿ. ಕೆರೆಯ ನೀರು ನಿಂತಿರುತ್ತೆ, ಸಮುದ್ರದ್ದು ನಿಲ್ಲಲ್ಲ. ಮುಂಬೈನಲ್ಲಿ ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಉಬ್ಬರ ಇಳಿತದ ಅಂತರ 4 ಮೀಟರ್ ದಾಟುತ್ತೆ. ಚೆನ್ನೈನಲ್ಲಿ ಸುಮಾರು 1 ಮೀಟರ್ ಅಷ್ಟೆ. ಸುಮಾರು ಆರು ಗಂಟೆಗೊಮ್ಮೆ ಹರಿವು ತಿರುಗುತ್ತೆ, ಮಧ್ಯದ ಎರಡು ಗಂಟೆ ಸೆಳೆತ ಜೋರು. ರೇಸ್ ದಿನದ ಉಬ್ಬರವಿಳಿತದ ಪಟ್ಟಿ ನೋಡಿ, ಆ ಸಮಯ ಕೈಮೇಲೆ ಬರೆದುಕೊಳ್ಳಲಿ.

ನೀರಿಗಿಳಿದ ಮೇಲೆ ಲಂಗರು ಹಾಕಿದ ಬಾಯ್ (ತೇಲುವ ಗುರುತು) ಹತ್ತಿರ ಹೋಗಿ, ಅದರ ಹಿಂದೆ ನೀರು ಯಾವ ಕಡೆ ಸುಳಿಯುತ್ತೆ ನೋಡಬೇಕು. ಹರಿವು ಗಾಳಿಗೆದುರಾಗಿದ್ದರೆ ಸ್ಟಾರ್ಟ್ ಗೆರೆಯಲ್ಲಿ ದೋಣಿ ತಾನಾಗೇ ಮುಂದಕ್ಕೆ ಜಾರುತ್ತೆ, ಬೇಗ ದಾಟಿದವರ ಪಟ್ಟಿಗೆ ಸೇರ್ತಾಳೆ. ಗಾಳಿಯ ಜೊತೆಗೇ ಹರಿಯುತ್ತಿದ್ದರೆ ಹಿಂದಕ್ಕೆ ಒಯ್ಯುತ್ತೆ, ಆಗ ಗೆರೆಗೆ ಅಂಟಿಕೊಂಡೇ ಇರಬೇಕು. ಮೇಲ್ಗಾಳಿಯ (ಗಾಳಿ ಬರುವ ಕಡೆಯ) ಬಾಯ್ ಸುತ್ತುವಾಗಲೂ ಇದೇ ಲೆಕ್ಕ: ಹಿಂದಕ್ಕೆ ಸೆಳೆತ ಇದ್ದರೆ, ಬಾಯ್ ಸಿಗುತ್ತೆ ಅನ್ನಿಸಿದ ಜಾಗ ದಾಟಿ ಇನ್ನೆರಡು ಮೂರು ದೋಣಿಯಷ್ಟು ಮುಂದೆ ಹೋಗಿ ಟ್ಯಾಕ್ ಮಾಡಲಿ, ಅಂದರೆ ದೋಣಿಯ ಮೂತಿ ಗಾಳಿಗೆದುರಾಗಿ ಹಾಯಿಸಿ ಇನ್ನೊಂದು ಬದಿಗೆ ತಿರುಗಲಿ. ಇಲ್ಲದಿದ್ದರೆ ಬಾಯ್ ಮೇಲೇ ಬೀಳ್ತಾಳೆ.

ಗಾಳಿ ಒಂದು ಕಡೆ, ಹರಿವು ಇನ್ನೊಂದು ಕಡೆ ಆದಾಗ ಅಲೆ ಕಡಿದಾಗಿ ಏಳುತ್ತೆ. ಕೆರೆಯ ಹಾಗೆ ದೋಣಿಯ ಮೂತಿ ಗಾಳಿ ಬರುವ ದಿಕ್ಕಿಗೆ ತೀರಾ ಹತ್ತಿರ ಹಿಡಿದರೆ ಪ್ರತಿ ಅಲೆಗೂ ದೋಣಿ ನಿಲ್ಲುತ್ತೆ. ಶೀಟ್ (ಹಾಯಿ ಎಳೆಯುವ ಹಗ್ಗ) ಒಂದಿಷ್ಟು ಸಡಿಲ ಬಿಟ್ಟು ವೇಗ ಉಳಿಸಿಕೊಳ್ಳಬೇಕು.

ಪ್ರಶ್ನೆ (ಕ್ಯಾತ್ಸಂದ್ರ): ಬಾವುಟಗಳಲ್ಲೇ ನಮ್ಮ ಹುಡುಗ ಗೊಂದಲ ಮಾಡ್ಕೋತಾನೆ. ಬೇಗ ದಾಟಿದರೆ ವಾಪಸ್ ಬರಬಹುದಾ?

ಉತ್ತರ: ಅದು ಸ್ಟಾರ್ಟ್‌ಗೆ ನಾಲ್ಕು ನಿಮಿಷ ಇರುವಾಗ ಏರುವ ಬಾವುಟದ ಮೇಲಿದೆ. ಐದು ನಿಮಿಷಕ್ಕೆ ಕ್ಲಾಸ್ (ದೋಣಿಯ ವರ್ಗದ) ಬಾವುಟ, ನಾಲ್ಕಕ್ಕೆ ಇದು, ಒಂದು ನಿಮಿಷ ಇರುವಾಗ ಇದು ಇಳಿಯುತ್ತೆ, ಸೊನ್ನೆಗೆ ಕ್ಲಾಸ್ ಬಾವುಟ ಇಳಿಯುತ್ತೆ. ಗಡಿಯಾರ ಬಾವುಟ ನೋಡಿ ಒತ್ತಬೇಕು, ಹಾರ್ನ್ ಕೇಳಿ ಅಲ್ಲ.

ನೀಲಿ ನಡುವೆ ಬಿಳಿ ಚೌಕ, ಅಂದರೆ ಪಿ: ಇಡೀ ದೋಣಿ ಗೆರೆಯ ಹಿಂದೆ ತಂದು ಮತ್ತೆ ಹೊರಟರೆ ಸಾಕು. ಹಳದಿಯಲ್ಲಿ ಕಪ್ಪು ಚುಕ್ಕೆ, ಐ: ಕೊನೆಯ ನಿಮಿಷದಲ್ಲಿ ಗೆರೆ ಆಚೆ ಇದ್ದವರು ಗೆರೆಯ ಯಾವುದಾದರೂ ತುದಿ ಸುತ್ತಿಯೇ ಬರಬೇಕು. ಕೆಂಪು ಬಿಳಿ ಚೌಕಗಳ ಯು ಮತ್ತು ಕಪ್ಪು ಬಾವುಟದಲ್ಲಿ ಕೊನೆಯ ನಿಮಿಷ ಗೆರೆ ಮತ್ತು ಮೊದಲ ಬಾಯ್ ನಡುವಿನ ತ್ರಿಕೋನಕ್ಕೆ ಕಾಲಿಟ್ಟರೆ ಅನರ್ಹ. ರೇಸ್ ಮತ್ತೆ ಹೊರಟರೆ ಯು ಆದವರಿಗೆ ಅವಕಾಶ ಇದೆ, ಕಪ್ಪು ಆದವರಿಗೆ ಇಲ್ಲ.

ಬಾಯ್ ಮುಟ್ಟಿದರೆ ಶಿಕ್ಷೆಯಾಗಿ ದೋಣಿಯನ್ನು ಒಂದು ಸುತ್ತು ತಿರುಗಿಸಬೇಕು, ಇನ್ನೊಂದು ದೋಣಿಗೆ ತಪ್ಪು ಮಾಡಿದರೆ ಎರಡು ಸುತ್ತು. ದೂರು ಇದ್ದರೆ ತಕ್ಷಣ 'ಪ್ರೊಟೆಸ್ಟ್' ಅಂತ ಕೂಗಬೇಕು. ಇವು 6 ಮೀಟರಿಗಿಂತ ಚಿಕ್ಕ ದೋಣಿ, ದೂರಿಗೆ ಕೆಂಪು ಬಾವುಟ ತೋರಿಸೋದು ಬೇಡ.

ಪ್ರಶ್ನೆ (ಶಿರಾ ಗೇಟ್): ದೋಣಿ ಅಲ್ಲೇ ಬಾಡಿಗೆಗೆ. ಏನು ಪರೀಕ್ಷಿಸಬೇಕು ಸರ್?

ಉತ್ತರ: ದೋಣಿಯ ಹಿಂಬದಿಯ, ನೀರು ಬಸಿಯುವ ತೂತಿನ ಬಿರಡೆ ಗಟ್ಟಿಯಾಗಿದೆಯಾ, ರಡ್ಡರ್ (ಚುಕ್ಕಾಣಿ) ಕಳಚದಂತೆ ತಡೆಯುವ ಕ್ಲಿಪ್ ಸಿಕ್ಕಿಕೊಂಡಿದೆಯಾ, ಮಾಸ್ಟ್ (ಹಾಯಿಯ ಕಂಬ) ದೋಣಿಗೆ ಹಗ್ಗದಿಂದ ಕಟ್ಟಿದೆಯಾ. ಕಟ್ಟದಿದ್ದರೆ ದೋಣಿ ತಲೆಕೆಳಗಾದಾಗ ಮಾಸ್ಟ್ ಕಳಚಿಕೊಳ್ಳುತ್ತೆ. ಕಾಲು ಸಿಕ್ಕಿಸುವ ಹೈಕಿಂಗ್ ಸ್ಟ್ರಾಪ್‌ನ ಗಂಟು ಜಗ್ಗಿ ನೋಡಿ, ಅದು ಬಿಚ್ಚಿದರೆ ಹಿಂದಕ್ಕೆ ನೀರಿಗೇ. ಮಗುಚಿದರೆ ದೋಣಿ ಬಿಟ್ಟು ಈಜಬಾರದು. ದಿನ ಮುಗಿದ ಮೇಲೆ ಹಾಯಿ, ಪುಲ್ಲಿ, ಲೈಫ್ ಜಾಕೆಟ್ ಜಿಪ್ ಎಲ್ಲ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿರಡೆ ಮಾತ್ರ ತೆಗೆದಿಡಿ, ಒಳಗೆ ಸೇರಿದ ನೀರು ರಾತ್ರಿಯೆಲ್ಲ ಸೋರಿಹೋಗಲಿ.