ಪಹಣಿ ತೀರಿಕೊಂಡ ತಂದೆಯ ಹೆಸರಲ್ಲಿದ್ದರೆ ಪಿಎಂ-ಕಿಸಾನ್, ಬೆಳೆ ಪರಿಹಾರ ಯಾರಿಗೆ?

ಎರೆಹೊಲ:
ಖುಷ್ಕಿ (ಮಳೆಯಾಶ್ರಿತ) ಜಮೀನು, 3 ಎಕರೆ 20 ಗುಂಟೆ. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಲ್ಲೇ ಇದೆ. ತಾಯಿ ಇದ್ದಾರೆ, ಮದುವೆಯಾದ ಒಬ್ಬ ಮಗಳು, ಇಬ್ಬರು ಗಂಡುಮಕ್ಕಳು. ಹಿರಿಯವ ಸರ್ಕಾರಿ ಶಾಲೆ ಮೇಷ್ಟ್ರು, ಕಿರಿಯವ ಊರಲ್ಲೇ. ಹೊಲವನ್ನು ಬಾಯಿಮಾತಿನ ಮೇಲೆ ಲಾವಣಿಗೆ (ಗೇಣಿಗೆ) ಕೊಟ್ಟಿದೆ. ಪಿಎಂ-ಕಿಸಾನ್ ಯಾರಿಗೆ ಸಲ್ಲುತ್ತದೆ? ಬರ ಪರಿಹಾರ ಲಾವಣಿ ಮಾಡುವವರಿಗೋ, ನಮಗೋ? ತಂದೆಯ ಖಾತೆಗೆ ಕಂತು ಈಗಲೂ ಬೀಳುತ್ತಿದೆ.

ಗುಂಟೆಲೆಕ್ಕ:
ಮೊದಲು ಆ ಕೊನೆಯ ಸಾಲಿಗೆ ಬರೋಣ. ಆ ದುಡ್ಡು ಮುಟ್ಟಬೇಡಿ, ಮರಣಾನಂತರದ ಕಂತುಗಳನ್ನು ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ರೈತ ಸಂಪರ್ಕ ಕೇಂದ್ರಕ್ಕೆ ಮರಣ ಪ್ರಮಾಣಪತ್ರ ಕೊಟ್ಟು ಆ ನೋಂದಣಿ ನಿಲ್ಲಿಸಿ.

ಆಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಹಿಡಿದು ನಾಡಕಚೇರಿಗೆ ಹೋಗಿ. ವಂಶವೃಕ್ಷದಲ್ಲಿ ಹೆಣ್ಣುಮಗಳ ಹೆಸರು ಬಿಟ್ಟರೆ ಮುಂದೆ ತಕರಾರು ಬರುವುದು ಅಲ್ಲಿಂದಲೇ. ಪಹಣಿಗೆ ಹೆಸರು ಬಂದ ಮೇಲೆ ರಾಜ್ಯದ ರೈತ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಅದಾದ ಮೇಲೆ ಪಿಎಂ-ಕಿಸಾನ್‌ಗೆ ಹೊಸ ಅರ್ಜಿ. 1-2-2019ರ ನಂತರ ಹೆಸರಿಗೆ ಬಂದ ಜಮೀನಿಗೆ ಈ ಹಣ ಇಲ್ಲ, ವಾರಸಾಗಿ ಬಂದದ್ದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ ಜೊತೆಗಿರಲಿ.

ಬದುವಿನಾಚೆ:
ಈ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು, ಅಷ್ಟೇ. ಮೇಷ್ಟ್ರಿಗೂ ಅವರ ಹೆಂಡತಿಗೂ ಸಿಗದು. ಸರ್ಕಾರಿ ನೌಕರರಲ್ಲಿ ಡಿ ಗುಂಪಿನವರಿಗಷ್ಟೇ ರಿಯಾಯಿತಿ. ತಮ್ಮನದು ಬೇರೆ ಕುಟುಂಬ, ಅಣ್ಣನ ನೌಕರಿ ಅವನಿಗೆ ಅಡ್ಡ ಬರದು. ಜಂಟಿ ಪಹಣಿಯಾದರೂ ಅರ್ಹ ಕುಟುಂಬ ಪ್ರತಿಯೊಂದಕ್ಕೂ ವರ್ಷಕ್ಕೆ 6,000 ರೂಪಾಯಿ, 2,000ದ ಮೂರು ಕಂತು. ತಾಯಿಯ ಹೆಸರು ಪಹಣಿಗೆ ಬಂದರೆ ಅವರೂ ಪ್ರತ್ಯೇಕವಾಗಿ ಅರ್ಜಿ ಹಾಕಬಹುದು. ಹಿಂದಿನ ತೆರಿಗೆ ವರ್ಷದಲ್ಲಿ ಆದಾಯ ತೆರಿಗೆ *ಕಟ್ಟಿದವರು* ಅನರ್ಹರು. ಸಾಲಕ್ಕೆಂದು ಶೂನ್ಯ ತೆರಿಗೆಯ ರಿಟರ್ನ್ ಸಲ್ಲಿಸಿದ್ದು ನಿಯಮದ ಪ್ರಕಾರ ಅಡ್ಡಿಯಲ್ಲ.

ಮುಂಗಾರಿ:
ಲಾವಣಿಯವರಿಗೆ ಪಿಎಂ-ಕಿಸಾನ್ ಇಲ್ಲವೇ ಇಲ್ಲ, ಅದು ಭೂಮಾಲೀಕರ ಯೋಜನೆ. ಬೆಳೆ ಪರಿಹಾರವೂ ಪಹಣಿದಾರರ ಎಫ್‌ಐಡಿಗೆ ಜೋಡಿಸಿದ ಸರ್ವೆ ನಂಬರಿಗೇ ಬರುತ್ತದೆ. ಒಂದು ನಂಬರ್ ಜೋಡಿಸಲು ಬಿಟ್ಟುಹೋದರೆ ಅಷ್ಟರ ಹಣ ಹೋಯಿತು. 2022-26ರ ಎಸ್‌ಡಿಆರ್‌ಎಫ್ (ರಾಜ್ಯ ವಿಪತ್ತು ಪರಿಹಾರ ನಿಧಿ) ದರದಲ್ಲಿ ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000 ಇತ್ತು; ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕಿತ್ತು, ಮಿತಿ 2 ಹೆಕ್ಟೇರ್. ಆ ದರದಲ್ಲಿ ನಿಮ್ಮ ಹೊಲಕ್ಕೆ ಸುಮಾರು 12,000 ಆಗುತ್ತದೆ. ಬೀಜ, ಗೊಬ್ಬರಕ್ಕೆ ದುಡ್ಡು ಸುರಿದವನಿಗೆ ಇದರಲ್ಲಿ ಪೈಸೆಯೂ ಹೋಗದು, ನೀವೇ ಕರೆದು ಕೊಡಬೇಕಷ್ಟೇ.

ಬೆಳೆ ವಿಮೆಗೆ ಗೇಣಿದಾರನೂ ಅರ್ಹ, ಆದರೆ ಕರಾರುಪತ್ರ ಬೇಕು. 1974ರ ತಿದ್ದುಪಡಿಯ ನಂತರ ರಾಜ್ಯದಲ್ಲಿ ಗೇಣಿಗೆ ಕೊಡುವುದೇ ನಿಷಿದ್ಧ, ಹಾಗಾಗಿ ಕಾಗದದ ಮೇಲೆ ಬರೆದುಕೊಡಲು ಮಾಲೀಕರಿಗೆ ಭಯ.

ಎರೆಹೊಲ:
ಎಫ್‌ಐಡಿ ಆದ ಮೇಲೂ ಕಂತು ಬರದಿದ್ದರೆ?

ಗುಂಟೆಲೆಕ್ಕ:
ಪಿಎಂ-ಕಿಸಾನ್ ಜಾಲತಾಣದಲ್ಲಿ ಸ್ಟೇಟಸ್ ತೆಗೆದು ಮೂರು ಸಾಲು ನೋಡಿ. ಇ-ಕೆವೈಸಿ (ಗುರುತಿನ ದೃಢೀಕರಣ) ಬಾಕಿ ಅಂದರೆ ಮೊಬೈಲ್ ಒಟಿಪಿ, ಮುಖ ತೋರಿಸುವ ಆ್ಯಪ್ ಅಥವಾ ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು. ಲ್ಯಾಂಡ್ ಸೀಡಿಂಗ್ (ಜಮೀನು ಜೋಡಣೆ) 'ನೋ' ಅಂದರೆ ರೈತ ಸಂಪರ್ಕ ಕೇಂದ್ರ. ಬ್ಯಾಂಕಿಗೆ ಅಲೆದು ಉಪಯೋಗವಿಲ್ಲ. ಆಧಾರ್ ಸೀಡಿಂಗ್ (ಖಾತೆಗೆ ಆಧಾರ್ ಜೋಡಣೆ) 'ನೋ' ಅಂದರೆ ಮಾತ್ರ ಬ್ಯಾಂಕು. ಅಲ್ಲಿ ಪಾಸ್‌ಬುಕ್ಕಿಗೆ ಆಧಾರ್ ಸೇರಿಸಿದರೆ ಸಾಲದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಆಧಾರ್‌ಗೆ ಬರುವ ಸರ್ಕಾರಿ ಹಣ ಯಾವ ಖಾತೆಗೆ ಎಂಬ ದಾಖಲೆ ಆಗಬೇಕು. ಹಣ ಕೊನೆಯದಾಗಿ ಮ್ಯಾಪ್ ಆದ ಖಾತೆಗೆ ಹೋಗುತ್ತದೆ, ಅದು ಎಂದೋ ತೆರೆದು ಮರೆತ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆಯೂ ಆಗಿರಬಹುದು.