ಕ್ಯೋಟೊಗೆ ಹೋಗುವ ಮುನ್ನ ಮಕ್ಕಳನ್ನು ಮೊನ್ಜೆನ್-ನಾಕಾಚೋಗೆ ಕರೆದೊಯ್ಯಿರಿ

ಬೇಸಿಗೆ ರಜೆಗೆ ಮಕ್ಕಳೊಂದಿಗೆ ಕ್ಯೋಟೊಗೆ ಹೊರಟಿದ್ದೇವೆ, ಎರಡು ದಿನದಲ್ಲಿ ಎಷ್ಟು ದೇವಾಲಯ ನೋಡಿ ಮುಗಿಸಬಹುದು ಎಂದು ಟೋಕಿಯೊದ ನಿಶಿ-ಕಸಾಯಿಗೆ ಹೊಸದಾಗಿ ಬಂದಿರುವ ದಂಪತಿ ಕೇಳಿದ್ದಾರೆ. ಉತ್ತರವಾಗಿ ಕಿಂಕಾಕು-ಜಿ, ಕಿಯೊಮಿಜು, ಫುಶಿಮಿ ಇನಾರಿ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ಇನ್ನೊಬ್ಬ ಸಹೋದರಿಯ ಪ್ರಶ್ನೆ ಇದಕ್ಕಿಂತ ಆಳದ್ದು: ಇಲ್ಲಿಯ ದೇವರಿಗೆ ಕೈಮುಗಿದು ಬೆಳೆದ ಮಕ್ಕಳಿಗೆ ಮನೆಯ ದೇವರು ದೂರವಾಗುವುದಿಲ್ಲವೇ? ಎರಡಕ್ಕೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು.

ಇಲ್ಲಿ ನೆಲೆಸಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಪ್ರವಾಸಿಗರ ಹಾಗೆ ದೇವಾಲಯ ಸುತ್ತುವ ಅಗತ್ಯವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನೆಗೆ ಹತ್ತಿರವಿರುವ ಒಂದು ಗುಡಿ, ಒಂದು ಉದ್ಯಾನ ಮಗುವಿಗೆ ರೂಢಿಯಾಗಲಿ. ಅದೇ ಜಾಗಕ್ಕೆ ಮಳೆಗಾಲದಲ್ಲಿ, ಹೊಸ ವರ್ಷದಲ್ಲಿ, ಪರೀಕ್ಷೆಗೆ ಮುಂಚಿನ ಭಾನುವಾರದಂದು ಹೋಗಿ ಬರಲಿ. ಇಲ್ಲಿಯ ಶಾಲೆಗೆ ಹೋಗುವ ಮಕ್ಕಳಿಗೆ ಕ್ಯೋಟೊ, ನಾರಾ ಹೇಗೂ ಶಾಲಾ ಪ್ರವಾಸದಲ್ಲಿ ಸಿಗುವ ಸಂಭವ ಹೆಚ್ಚು. ರೂಢಿಯನ್ನು ಮಾತ್ರ ಮನೆಯವರೇ ಹಾಕಿಕೊಡಬೇಕು.

ನಿಶಿ-ಕಸಾಯಿಯಿಂದ ತೋಜಾಯಿ ಮಾರ್ಗದ ರೈಲು ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಮೊನ್ಜೆನ್-ನಾಕಾಚೋ. ಇಳಿದು ಕೆಲವು ನಿಮಿಷ ನಡೆದರೆ ಫುಕಾಗಾವಾ ಫುದೋ-ದೋ. ನಾರಿತಾದ ಶಿನ್ಶೋ-ಜಿ ದೇವಾಲಯದ ಟೋಕಿಯೊ ಶಾಖೆ ಇದು, ಶಿಂಗೋನ್ ಬೌದ್ಧ ಪಂಥಕ್ಕೆ ಸೇರಿದ್ದು. ಆರಾಧ್ಯಮೂರ್ತಿ ಫುದೋ ಮ್ಯೋಓ, ಅಂದರೆ ಸಂಸ್ಕೃತ ಗ್ರಂಥಗಳ ಅಚಲನಾಥ. ಬಲಗೈಯಲ್ಲಿ ಖಡ್ಗ, ಎಡಗೈಯಲ್ಲಿ ಹಗ್ಗ, ಬೆನ್ನ ಹಿಂದೆ ಬೆಂಕಿ, ಹುಬ್ಬು ಗಂಟಿಕ್ಕಿದ ಮುಖ. ದಿನಕ್ಕೆ ಹಲವು ಬಾರಿ ಇಲ್ಲಿ ಗೋಮಾ ನಡೆಯುತ್ತದೆ. ಭಾರತದ ಹೋಮ ಚೀನಾ ದಾಟಿ ಬಂದು ಪಡೆದ ರೂಪ ಅದು. ಕುಕಾಯಿ ಎಂಬ ಭಿಕ್ಷು ಚೀನಾದ ಚಾಂಗ್‌ಆನ್ ನಗರದಲ್ಲಿ ಮಂತ್ರಶಾಸ್ತ್ರ ಕಲಿತು, ಅಲ್ಲಿದ್ದ ಭಾರತೀಯ ಪಂಡಿತ ಪ್ರಜ್ಞನ ಬಳಿಯೂ ಓದಿ, 806ರಲ್ಲಿ ಜಪಾನಿಗೆ ಮರಳಿ ಈ ಪರಂಪರೆಗೆ ಬುನಾದಿ ಹಾಕಿದರು.

ಆ ಗೋಮಾವನ್ನು ಮಕ್ಕಳು ನೋಡಲೇಬೇಕು. ದೊಡ್ಡ ತೈಕೋ ನಗಾರಿಗಳ ಸದ್ದು ಎದೆಗೇ ಬಡಿಯುತ್ತದೆ. ಅರ್ಚಕರು ಸಮಿತ್ತುಗಳನ್ನು ಒಂದೊಂದಾಗಿ ಹಾಕುತ್ತಿದ್ದಂತೆ ಜ್ವಾಲೆ ಆಳೆತ್ತರಕ್ಕೆ ಏಳುತ್ತದೆ. ಭಕ್ತರು ತಮ್ಮ ಕೈಚೀಲಗಳನ್ನು ಕೊಟ್ಟು ಅಗ್ನಿಯ ಕಾವು ತಾಗಿಸಿಕೊಳ್ಳುತ್ತಾರೆ. ಶಾಲೆಯ ಚೀಲವನ್ನೂ ಕೊಡಬಹುದು. ಒಳಗೆ ಫೋಟೊ ತೆಗೆಯುವಂತಿಲ್ಲ, ಅದು ಒಳ್ಳೆಯದೇ ಆಯಿತು. ಪಠಿಸುವ ಮಂತ್ರ ಜಪಾನೀ ನಾಲಿಗೆಯಲ್ಲಿ ‘ನೋಮಕು ಸಮಂದ’ ಎಂದು ಆರಂಭವಾಗುತ್ತದೆ; ಮೂಲದಲ್ಲಿ ‘ನಮಃ ಸಮಂತ ವಜ್ರಾಣಾಂ’. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು, ಮನೆಯಲ್ಲಿ ಗಣಹೋಮಗಳನ್ನು ಕಂಡವರು, ಮುಗಿಯುವ ತನಕ ಕೈಮುಗಿದುಕೊಂಡೇ ಕುಳಿತಿದ್ದರು. ಹೊಸ ಮಂದಿರದ ಹೊರಗೋಡೆಯ ತುಂಬ ಇದೇ ಮಂತ್ರದ ಅಕ್ಷರಗಳಿವೆ. ಅದು ಸಿದ್ಧಂ ಲಿಪಿ, ಕನ್ನಡದ ಹಾಗೆಯೇ ಬ್ರಾಹ್ಮಿಯಿಂದ ಇಳಿದು ಬಂದದ್ದು. ಈ ಲಿಪಿಯನ್ನು ಅಭ್ಯಾಸ ಮಾಡಿದ ಭಿಕ್ಷುಗಳ ಓದಿನಿಂದಲೇ ಜಪಾನೀ ಅಕ್ಷರಮಾಲೆಗೆ ಈಗಿನ ಕ್ರಮ ಬಂದಿದೆ. ಮಗು ಶಾಲೆಯಲ್ಲಿ ‘ಅ ಇ ಉ ಎ ಒ’, ಆಮೇಲೆ ‘ಕ’ ಸಾಲು ಎಂದು ಕಲಿತು ಬರುತ್ತದಲ್ಲ, ಆಗ ಪಕ್ಕದಲ್ಲಿ ನಮ್ಮ ವರ್ಣಮಾಲೆಯನ್ನು ಇಟ್ಟು ತೋರಿಸಿ. ಕನ್ನಡ ಕಲಿಸಲು ಇದಕ್ಕಿಂತ ಒಳ್ಳೆಯ ಬಾಗಿಲು ನನಗೆ ಕಂಡಿಲ್ಲ.

ಪಕ್ಕದಲ್ಲೇ ಜಪಾನಿನ ಸ್ವಂತ ಧರ್ಮವಾದ ಶಿಂತೋದ ತೊಮಿಯೋಕಾ ಹಾಚಿಮಾನ್ ದೇಗುಲವಿದೆ, 1627ರಲ್ಲಿ ಸ್ಥಾಪನೆಯಾದದ್ದು. ಸುಮೋ ಕುಸ್ತಿಯ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ಸ್ಥಾನ. ಸುಮೋದ ಅತ್ಯುನ್ನತ ಪದವಿಯಾದ ಯೊಕೋಜುನಾ ಪಡೆದ ಜಟ್ಟಿಗಳ ಹೆಸರು ಕೆತ್ತಿದ ಬೃಹತ್ ಕಲ್ಲು ಇಲ್ಲಿದೆ. ಎರಡನ್ನೂ ಒಂದೇ ದಿನ ನೋಡಿದರೆ ವ್ಯತ್ಯಾಸ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ದೇಗುಲದಲ್ಲಿ ತೋರಿಯಿ ದ್ವಾರದ ಬಳಿ ತಲೆಬಾಗಿ, ಕೈ ಬಾಯಿ ತೊಳೆದು, ಎರಡು ಬಾರಿ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು. ಬೌದ್ಧ ದೇವಾಲಯದಲ್ಲಿ ಚಪ್ಪಾಳೆ ಇಲ್ಲ, ಮೌನವಾಗಿ ಕೈಮುಗಿಯುವುದು.

ಅಲ್ಲಿಂದ ಉತ್ತರಕ್ಕೆ ನಡೆದರೆ ಕಿಯೊಸುಮಿ ಉದ್ಯಾನ. ಮಿತ್ಸುಬಿಶಿಯ ಸ್ಥಾಪಕ ಇವಾಸಾಕಿ ಯಾತಾರೋ 1878ರಲ್ಲಿ ಈ ಜಾಗವನ್ನು ಕೊಂಡರು. ಮುಂದೆ ಕಂಪನಿಯ ಹಡಗುಗಳಲ್ಲಿ ದೇಶದ ಮೂಲೆಮೂಲೆಗಳಿಂದ ಬಂಡೆಗಳನ್ನು ತರಿಸಿ ಇಲ್ಲಿ ನಿಲ್ಲಿಸಲಾಯಿತು. ಯಾವ ಕಲ್ಲು ಯಾವ ಸೀಮೆಯದು ಎಂಬ ಫಲಕಗಳಿವೆ, ದೊಡ್ಡ ಮಕ್ಕಳಿಗೆ ಅದೇ ಭೂಗೋಳದ ಪಾಠ. 1923ರ ಮಹಾಭೂಕಂಪದ ಬೆಂಕಿಯಲ್ಲಿ ಈ ಉದ್ಯಾನಕ್ಕೆ ಓಡಿ ಬಂದು ಎಷ್ಟೋ ಜನ ಜೀವ ಉಳಿಸಿಕೊಂಡರು. ಬಳಿಕ ಇವಾಸಾಕಿ ಕುಟುಂಬ ಅದರ ಒಂದು ಭಾಗವನ್ನು ನಗರಕ್ಕೆ ದಾನ ಮಾಡಿತು. 1932ರಿಂದ ಸಾರ್ವಜನಿಕರಿಗೆ ತೆರೆದಿದೆ. ಮಕ್ಕಳನ್ನು ಸೆಳೆಯುವುದು ಕೊಳದ ಅಂಚಿನಲ್ಲಿ ನೀರಿನ ಮೇಲೆಯೇ ಇಟ್ಟಿರುವ ಹೆಜ್ಜೆಗಲ್ಲುಗಳು. ಅವುಗಳ ಮೇಲೆ ಬೇಗ ನಡೆಯಲಾಗದು. ಪ್ರತಿ ಹೆಜ್ಜೆಗೂ ನೋಟ ಬದಲಾಗುವಂತೆ ಇಟ್ಟ ಕಲ್ಲುಗಳವು. ಕೆಳಗೆ ಮೀನು, ಆಮೆ. ‘ಓಡಬೇಡ’ ಎಂದು ಹೇಳುವ ಕೆಲಸವನ್ನು ಉದ್ಯಾನವೇ ಮಾಡುತ್ತದೆ.

ಈಗ ಸಹೋದರಿಯ ಪ್ರಶ್ನೆ. ನನ್ನ ಅನುಭವದಲ್ಲಿ ಮಕ್ಕಳಿಗೆ ಗೊಂದಲವಾಗಿಲ್ಲ. ನವರಾತ್ರಿಯ ಸರಸ್ವತಿ ಪೂಜೆ ಮುಗಿಸಿ ಉಯೆನೋ ಉದ್ಯಾನವನದ ಶಿನೊಬಾಜು ಕೊಳದ ನಡುವಿನ ಬೆನ್‌ತೆನ್ ಗುಡಿಗೆ ಹೋಗಿ ಬನ್ನಿ. ಅಲ್ಲಿರುವ ಬೆನ್‌ಜೈತೆನ್ ಸರಸ್ವತಿಯೇ. ಈ ನಾಡಿನಲ್ಲಿ ಸಾಮಾನ್ಯವಾಗಿ ಆಕೆಯ ಕೈಯಲ್ಲಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. ಆದರೆ ಹಿರಿಯರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ‘ಇದೆಲ್ಲ ನಮ್ಮದೇ, ಇವರು ನಮ್ಮಿಂದ ತೆಗೆದುಕೊಂಡದ್ದು’ ಎಂದು ಮಕ್ಕಳ ಎದುರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಈ ಜನ ಆಕೆಯನ್ನು ತಮ್ಮ ಕೆರೆ, ದ್ವೀಪ, ಹಾಡುಗಳೊಂದಿಗೆ ಪೂಜಿಸಿದ್ದಾರೆ. ಆಕೆ ಈ ಊರಿನವಳೂ ಹೌದು. ಇಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ಈ ‘ಹೌದು’ ಬೇಕು. ಜೊತೆಗೆ ಭಾರತದಿಂದ ಬಂದಿರದ ಪಾವಿತ್ರ್ಯವನ್ನೂ ತೋರಿಸಿ. ಇಸೆಯ ಶಿಂತೋ ಮಹಾದೇಗುಲವನ್ನು 20 ವರ್ಷಕ್ಕೊಮ್ಮೆ ಪಕ್ಕದ ನಿವೇಶನದಲ್ಲಿ ಹೊಸದಾಗಿ ಕಟ್ಟಿ ದೇವರನ್ನು ಅಲ್ಲಿಗೆ ಕರೆತರುತ್ತಾರೆ. ಕಳೆದ ಬಾರಿ 2013, ಮುಂದಿನದು 2033. ಮುದಿ ಬಡಗಿ ಎಳೆಯ ಬಡಗಿಗೆ ಕೆಲಸ ಕಲಿಸಲು ಆ 20 ವರ್ಷ ಸಾಕು. ಇಂದು ಒಂದನೇ ತರಗತಿಯಲ್ಲಿರುವ ಮಗುವಿಗೆ ಮುಂದಿನದನ್ನು ಕಾಣುವ ಭಾಗ್ಯವಿದೆ.

ಇಷ್ಟರ ಮೇಲೆ ಕ್ಯೋಟೊ. ಮೊದಲಿಗೆ, ಆಗಸ್ಟ್ ಬೇಡ. ಸುತ್ತ ಬೆಟ್ಟಗಳಿರುವ ಆ ತಗ್ಗಿನ ಸೆಕೆಯಲ್ಲಿ ಚಿಕ್ಕವರು ಸೋತು ಹೋಗುತ್ತಾರೆ. ಒಂದು ದೇವಾಲಯ, ಒಂದು ಉದ್ಯಾನ ಆರಿಸಿಕೊಳ್ಳಿ. ನನ್ನ ಆಯ್ಕೆ ಸಂಜೂಸಂಗೆನ್-ದೋ ಮತ್ತು ರ್ಯೋಆನ್-ಜಿ. ಮೊದಲನೆಯದು 1266ರಲ್ಲಿ ಮರಳಿ ಕಟ್ಟಿದ, ಸುಮಾರು 120 ಮೀಟರ್ ಉದ್ದದ ಮರದ ಮಂದಿರ. ಒಳಗೆ ಅವಲೋಕಿತೇಶ್ವರನ 1001 ಮೂರ್ತಿಗಳು, ಮುಂದೆ 28 ಪರಿವಾರ ದೇವತೆಗಳು. ಆ ಪರಿವಾರದಲ್ಲಿ ಕೊಳಲು ನುಡಿಸುವ ಗರುಡನಿದ್ದಾನೆ. ಹುಡುಕಲು ಮಕ್ಕಳಿಗೇ ಬಿಡಿ. ರ್ಯೋಆನ್-ಜಿಯ ಜಲ್ಲಿಯ ಅಂಗಳದಲ್ಲಿ 15 ಕಲ್ಲುಗಳಿವೆ; ಜಗಲಿಯಲ್ಲಿ ಎಲ್ಲಿ ಕುಳಿತು ಎಣಿಸಿದರೂ ಒಂದಾದರೂ ಮರೆಯಾಗಿರುತ್ತದೆ. ಪಾಚಿಯ ತೋಟದ ಸಾಯಿಹೋ-ಜಿಗೆ ಚಿಕ್ಕ ಮಕ್ಕಳನ್ನು ಬಿಡುವುದಿಲ್ಲ, ಮುಂಗಡ ಕಾದಿರಿಸುವಿಕೆಯೂ ಬೇಕು. ಅವರು ದೊಡ್ಡವರಾಗುವ ತನಕ ಕಾಯಿರಿ. ನಾರಾದ ತೋದಾಯಿ-ಜಿಯಲ್ಲಿ ಜಿಂಕೆಗಳ ಗದ್ದಲದ ನಡುವೆ ಒಂದು ಕಥೆ ಹೇಳಿ: 752ರಲ್ಲಿ ಅಲ್ಲಿಯ ಮಹಾಬುದ್ಧನಿಗೆ ಕಣ್ಣು ಬರೆದವರು ಭಾರತದಿಂದ ಬಂದಿದ್ದ ಭಿಕ್ಷು ಬೋಧಿಸೇನ. ಅವರು ಹಿಡಿದ ಕುಂಚಕ್ಕೆ ಕಟ್ಟಿದ ಉದ್ದನೆಯ ದಾರವನ್ನು ನೆರೆದವರೂ ಹಿಡಿದುಕೊಂಡಿದ್ದರು. ಆ ಕುಂಚ ಈಗಲೂ ನಾರಾದ ಶೋಸೋ-ಇನ್ ಭಂಡಾರದ ಸಂಗ್ರಹದಲ್ಲಿದೆ.

ಗಣೇಶನ ಬಗ್ಗೆ ಕೇಳುವ ಮಕ್ಕಳಿಗೆ ನಾರಾ ಪ್ರಾಂತ್ಯದ ಇಕೋಮಾ ಬೆಟ್ಟದ ಹೋಜಾನ್-ಜಿ ಇದೆ. ಅಲ್ಲಿ ಅವನು ಕಂಗಿತೆನ್. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ ಎಂದು ಮೊದಲೇ ಹೇಳಿಟ್ಟಿರಿ. 1918ರಲ್ಲಿ ಆರಂಭವಾದ ಕೇಬಲ್ ರೈಲು ಬೆಟ್ಟ ಹತ್ತಿಸುತ್ತದೆ. ಅದರಲ್ಲಿ ನಾಯಿಯ ಮುಖದ ಗಾಡಿಯೊಂದು, ಬೆಕ್ಕಿನ ಮುಖದ್ದೊಂದು.

ಅಜ್ಜಿ ತಾತ ಬಂದಿರುವಾಗ ಮಾತ್ರ ವಾಕಾಯಾಮಾ ಪ್ರಾಂತ್ಯದ ಕೋಯಾ ಬೆಟ್ಟವನ್ನು ತಪ್ಪಿಸಬೇಡಿ. ಕುಕಾಯಿ ಅಲ್ಲಿ ಇಂದಿಗೂ ಧ್ಯಾನದಲ್ಲಿದ್ದಾರೆ ಎಂಬ ನಂಬಿಕೆಯಿಂದ ದಿನಕ್ಕೆರಡು ಬಾರಿ ಅವರ ಸಮಾಧಿಗೆ ಊಟ ಒಯ್ಯುತ್ತಾರೆ. ಮಂತ್ರಾಲಯದ ಬೃಂದಾವನ ಕಂಡ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೇವಾಲಯಗಳಲ್ಲೇ ತಂಗಬಹುದು. ಊಟ ಸಸ್ಯಾಹಾರ, ಸಾರು ಮಾಡಲು ಮೀನಿನ ಬದಲು ಕೊಂಬು ಎಂಬ ಕಡಲಪಾಚಿ ಮತ್ತು ಅಣಬೆ. ಆದರೂ ಕಾದಿರಿಸುವಾಗ ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ, ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿದ್ದರೆ ಅದನ್ನೂ ತಿಳಿಸಿ. ಬೆಳಗಿನ ಪೂಜೆಗೆ ಬೇಗ ಏಳಬೇಕು. ಸುಮಾರು 800 ಮೀಟರ್ ಎತ್ತರದ ಊರು, ಮರದ ನೆಲದ ಮೇಲೆ ಪಾದರಕ್ಷೆಯಿಲ್ಲದೆ ನಡೆಯಬೇಕು. ಚಳಿಗಾಲದಲ್ಲಿ ಹೋಗುವುದಾದರೆ ಹಿರಿಯರಿಗೆ ದಪ್ಪ ಉಣ್ಣೆಯ ಕಾಲುಚೀಲ ಕೊಂಡೊಯ್ಯಿರಿ.